ಎಐಗೂ ಒಂದು ವಿಯೆನ್ನಾ ಬೇಕಾ?

ಸಂಜೆ ಓದುಗ:
ಅಣುಶಕ್ತಿಯ ಮೇಲೆ ಕಣ್ಣಿಡಲು ವಿಯೆನ್ನಾದಲ್ಲಿ 1957ರಿಂದ ಐಎಇಎ, ಅಂದರೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇದೆ. ಎಐಗೂ ಮುಂದೆ ಅಂಥದ್ದೊಂದು ಬೇಕಾಗಬಹುದು ಎಂದು 2023ರ ಮೇ ತಿಂಗಳಲ್ಲಿ ಬರೆದವರು ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಮುಖ್ಯಸ್ಥರೇ. ಆಮೇಲೆ ಬ್ರಿಟನ್ನಿನ ಬ್ಲೆಚ್ಲಿ, ಕೊರಿಯಾದ ಸಿಯೋಲ್, ಪ್ಯಾರಿಸ್ ಅಂತ ಎಐ ಬಗ್ಗೆ ದೇಶ ದೇಶಗಳ ಸಭೆ ಮೇಲೆ ಸಭೆ ಆಯಿತು. ಸಂಸ್ಥೆ ಮಾತ್ರ ಹುಟ್ಟಲಿಲ್ಲ. ಯಾಕೆ?

ಗುಂಡ್ಲುಪೇಟೆ ಗೊಣಗ:
ಯುರೇನಿಯಂ ತಕ್ಕಡಿಗೆ ಸಿಗುತ್ತದೆ, ಎಐ ಸಿಗುವುದಿಲ್ಲ, ಅದಕ್ಕೆ. ಐಎಇಎದವರು ಸ್ಥಾವರಕ್ಕೆ ಹೋಗಿ ಲೆಕ್ಕ ನೋಡುತ್ತಾರೆ, ಸೀಲ್ ಹಾಕುತ್ತಾರೆ, ಕ್ಯಾಮೆರಾ ಇಡುತ್ತಾರೆ. ಎಐ ಮಾದರಿ ಅನ್ನುವುದು ಕೊನೆಗೆ ಒಂದು ಫೈಲು. 2023ರ ಫೆಬ್ರವರಿಯಲ್ಲಿ ಫೇಸ್‌ಬುಕ್‌ನ ಮೆಟಾ ಕಂಪನಿ ತನ್ನ ಲಾಮಾ ಎಂಬ ಎಐ ಮಾದರಿಯನ್ನು ಸಂಶೋಧಕರಿಗೆ ಮಾತ್ರ ಅಂತ ಕೊಟ್ಟಿತು. ಎರಡು ವಾರ ಕಳೆಯುವುದರೊಳಗೆ ಅದು ಟೊರೆಂಟ್‌ನಲ್ಲಿತ್ತು, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದೂ ಸುಮಾರು 130 ಜಿಬಿ ಅಷ್ಟೆ. ಬೆಂಗಳೂರಿನ ಎಸ್‌ಪಿ ರೋಡಿನ 256 ಜಿಬಿ ಪೆನ್‌ಡ್ರೈವಿಗೆ ತುಂಬಿದರೆ ಇನ್ನೂ ಹತ್ತು ಸಿನಿಮಾಕ್ಕೆ ಜಾಗ ಮಿಗುತ್ತದೆ. ಇದಕ್ಕೆ ಎಲ್ಲಿ ಸೀಲ್ ಹಾಕುತ್ತೀರಿ?

ಚಿಪ್ ಮೇಷ್ಟ್ರು:
ಗೊಣಗರೇ, ಫೈಲಿಗೆ ಸೀಲ್ ಹಾಕಲು ಆಗುವುದಿಲ್ಲ, ಒಪ್ಪಿದೆ. ಆದರೆ ಅದು ತಯಾರಾಗುವ ಜಾಗವನ್ನು ಬಚ್ಚಿಡುವುದು ಕಷ್ಟ. ಸಾವಿರಾರು ಚಿಪ್, ಒಂದು ಊರಿಗೆ ಸಾಕಾಗುವಷ್ಟು ಕರೆಂಟು. ಅಂಥ ಚಿಪ್ ಕೆತ್ತಲು ಬೇಕಾದ ಇಯುವಿ ಯಂತ್ರವನ್ನು ಮಾಡಿ ಮಾರುವುದು ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್ ಒಂದೇ ಕಂಪನಿ. ಅಲ್ಲಿಂದಲೇ ಎಣಿಸುತ್ತ ಬಂದರಾಯಿತು. ಯುರೋಪಿನ ಎಐ ಕಾಯ್ದೆಯೂ ಎಣಿಕೆಯನ್ನೇ ನಂಬಿದೆ. ತರಬೇತಿಗೆ ಬಳಸಿದ ಲೆಕ್ಕಾಚಾರ 1ರ ಮುಂದೆ 25 ಸೊನ್ನೆ ಹಾಕಿದಷ್ಟನ್ನು ದಾಟಿದರೆ ಆ ಮಾದರಿಗೆ ಹೆಚ್ಚಿನ ನಿಯಮ.

ಗುಂಡ್ಲುಪೇಟೆ ಗೊಣಗ:
ಎಣಿಸುವವರು ಯಾರು ಮೇಷ್ಟ್ರೇ? 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಚೀನಾಕ್ಕೆ ಅಂಥ ಚಿಪ್ ಹೋಗದಂತೆ ತಡೆಯಿತಲ್ಲ, ಅದು ಜಗತ್ತಿನ ಸುರಕ್ಷತೆಗೋ, ಅವರಿಬ್ಬರ ಜಗಳಕ್ಕೋ? 2025ರ ಪ್ಯಾರಿಸ್ ಸಭೆಯ ಹೇಳಿಕೆಗೆ ಚೀನಾ ಸಹಿ ಹಾಕಿತು, ನಾವೂ ಹಾಕಿದೆವು. ಅಮೆರಿಕ, ಬ್ರಿಟನ್ ಹಾಕಲಿಲ್ಲ. 2023ರಲ್ಲಿ ಬ್ಲೆಚ್ಲಿಗೆ ಎಲ್ಲರನ್ನೂ ಕರೆದು ಮದುವೆ ಮನೆ ಯಜಮಾನನಂತೆ ಓಡಾಡಿದ ಬ್ರಿಟನ್ ಇದು!

ಕಾರವಾರದ ಗಾಳಿ:
ಐಎಇಎ ಅಂದರೆ ಎಲ್ಲೆಂದರಲ್ಲಿ ನುಗ್ಗಿ ನೋಡುವ ಸಂಸ್ಥೆ ಅಂತ ಇಬ್ಬರೂ ಅಂದುಕೊಂಡಂತಿದೆ. ಹಾಗಿಲ್ಲ. ನಮ್ಮ ಜಿಲ್ಲೆಯ ಕೈಗಾ ಅಣುಸ್ಥಾವರವನ್ನೇ ನೋಡಿ. ಅಣ್ವಸ್ತ್ರ ಹರಡದಂತೆ ತಡೆಯುವ ಎನ್‌ಪಿಟಿ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅಮೆರಿಕದ ಜೊತೆ ಅಣು ಒಪ್ಪಂದಕ್ಕೆ ಹೊರಟಾಗ, 2006ರಲ್ಲಿ, ನಮ್ಮ ಸರ್ಕಾರ 22 ರಿಯಾಕ್ಟರ್‌ಗಳನ್ನು ಎರಡು ಪಾಲು ಮಾಡಿತು. 14 ಐಎಇಎ ತಪಾಸಣೆಗೆ, 8 ಅದರ ಹೊರಗೆ. ಕೈಗಾದ ನಾಲ್ಕೂ ಘಟಕ ಹೊರಗಿನ ಪಟ್ಟಿಯಲ್ಲಿದ್ದವು. ನೆಂಟರಿಗೆ ಯಾವ ಕೋಣೆ ತೋರಿಸಬೇಕು ಅಂತ ಮನೆಯವರೇ ತೀರ್ಮಾನಿಸಿದ ಹಾಗೆ. ತಪ್ಪು ಅನ್ನುತ್ತಿಲ್ಲ, ಬಲ ಇರುವ ದೇಶಗಳೆಲ್ಲ ಹೀಗೇ ಮಾಡುವುದು.

ಎಐನಲ್ಲೂ ಅದೇ ಕಥೆ. ಮೇಷ್ಟ್ರು ಹೇಳಿದ ಯುರೋಪಿನ ಕಾಯ್ದೆಯಲ್ಲಿ ಸೇನೆಗೆ, ದೇಶದ ಭದ್ರತೆಗೆ ಅಂತಲೇ ಬಳಸುವ ಎಐಗೆ ಪೂರ್ತಿ ವಿನಾಯಿತಿ ಇದೆ. ಎಲ್ಲಕ್ಕಿಂತ ಜಾಸ್ತಿ ಹೆದರಬೇಕಾದ ಕೋಣೆಗೇ ಬೀಗ. ಚಿಪ್ ಎಣಿಸುವುದು ಆಮೇಲಿನ ಮಾತು.

ಚಿಪ್ ಮೇಷ್ಟ್ರು:
ಕೈಗಾ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ 14 ಬಾಗಿಲು ತೆರೆದವಲ್ಲ? ಎಐನಲ್ಲಿ ಈಗ ತೆರೆದಿರುವುದು ಎಷ್ಟು? 2025ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆ 40 ತಜ್ಞರ ಸಮಿತಿ ಮಾಡಲು ಒಪ್ಪಿತು. ಅದು ವರದಿ ಬರೆಯುತ್ತದೆ, ಯಾರ ಬಾಗಿಲೂ ತಟ್ಟುವುದಿಲ್ಲ. ನನಗೆ ಎರಡು ಬಾಗಿಲು ತೆರೆದರೂ ಸಾಕು.

ಹೊಸಮನೆ ಸೊಸೆ:
ನೀವು ಬಾಗಿಲು ಎಣಿಸುತ್ತಿರಿ. ಹೋದ ತಿಂಗಳು ನಮ್ಮ ಅತ್ತೆಗೆ ಫೋನ್ ಬಂತು. ಥೇಟ್ ಮೊಮ್ಮಗನ ದನಿ. "ಅಜ್ಜಿ, ಗಾಡಿ ಗುದ್ದಿಬಿಟ್ಟೆ, ಅಪ್ಪಂಗೆ ಹೇಳ್ಬೇಡ, 40 ಸಾವಿರ ಕಳ್ಸು." ಅತ್ತೆ ಬಳೆ ಬಿಚ್ಚಿ ಕೈಯಲ್ಲಿ ಹಿಡಿದು ಹೊರಟೇಬಿಟ್ಟಿದ್ದರು. ಹುಡುಗ ಒಳಕೋಣೆಯಿಂದ ಆಕಳಿಸುತ್ತಾ ಎದ್ದು ಬಂದ, ಬಚಾವ್. ಫೋನಿನ ದನಿ ಎಐ ಮಾಡಿದ ನಕಲು.

ಸಂಜೆ ಓದುಗ:
ಅಯ್ಯೋ! ಆದರೆ ಅಕ್ಕಾ, ಅದು ಪೊಲೀಸರ ಕೆಲಸ ಅಲ್ವಾ? ಇದಕ್ಕೂ ದೇಶ ದೇಶಗಳ ಒಪ್ಪಂದಕ್ಕೂ ಏನು ಸಂಬಂಧ?

ಹೊಸಮನೆ ಸೊಸೆ:
ದೂರು ಕೊಡಲು ಹೋದರೆ ನಂಬರ್ ಹೊರದೇಶದ್ದು, ಏನೂ ಮಾಡಲಾಗದು ಅಂದರು. ಇದೇ ಸಂಬಂಧ. ಇನ್ನೊಂದು ಮಾತು. 2023ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಓಪನ್‌ಎಐನ ಜಿಪಿಟಿ-4ಕ್ಕೆ ಕೆಟ್ಟ ಪ್ರಶ್ನೆಗಳನ್ನು ಆಫ್ರಿಕಾದ ಜುಲು ಥರ ಇಂಟರ್ನೆಟ್ಟಿನಲ್ಲಿ ಬರಹ ಕಡಿಮೆ ಇರುವ ಭಾಷೆಗಳಿಗೆ ತಿರುಗಿಸಿ ಕೇಳಿದರು. ಇಂಗ್ಲಿಷಿನಲ್ಲಿ ಒಲ್ಲೆ ಅಂದಿದ್ದಕ್ಕೆ ಅಲ್ಲಿ ಸಲೀಸಾಗಿ ಉತ್ತರ ಕೊಟ್ಟಿತು. ಹಾಗಾದರೆ ನಿಮ್ಮ ವಿಯೆನ್ನಾದವರು ಬಂದರೂ ಕನ್ನಡದಲ್ಲಿ ಪರೀಕ್ಷೆ ಮಾಡುತ್ತಾರಾ? ಒಪ್ಪಂದದಲ್ಲಿ ನಾವು ಮೊದಲು ಬರೆಸಬೇಕಾದ್ದು ಇದನ್ನು.

ಗುಂಡ್ಲುಪೇಟೆ ಗೊಣಗ:
ಮೊದಲ ಸಲ ಈ ಚರ್ಚೆಯಲ್ಲಿ ನನಗೆ ಗೊಣಗಲು ಏನೂ ಸಿಗುತ್ತಿಲ್ಲ. ಅತ್ತೆ ಈಗ ಹೇಗಿದ್ದಾರೆ?

ಹೊಸಮನೆ ಸೊಸೆ:
ಗಟ್ಟಿಯಾಗಿದ್ದಾರೆ. ಯಾರೇ ಫೋನ್ ಮಾಡಲಿ, ಮೊದಲು ನಮ್ಮ ಮನೆ ನಾಯಿ ಹೆಸರು ಹೇಳಬೇಕು. ಮೊನ್ನೆ ಗ್ಯಾಸ್ ಸಿಲಿಂಡರ್ ತರುವ ಹುಡುಗನಿಗೂ ಕೇಳಿದರು. ಪಾಪ, ಅವನಿಗೆ ಗೊತ್ತಿರಲಿಲ್ಲ. ಸಿಲಿಂಡರ್ ಎರಡು ದಿನ ತಡವಾಗಿ ಬಂತು.