ಬಚ್ಚಿಟ್ಟು ಓದುವ ಪುಸ್ತಕ ಯಾವುದು?

ಪ್ರಶ್ನೆ: ಪಿಯುಸಿಯಲ್ಲಿ ‘ಮಲೆಗಳಲ್ಲಿ ಮದುಮಗಳು’ ನೂರು ಪುಟಕ್ಕೇ ಬಿಟ್ಟಿದ್ದೆ. ಇಷ್ಟೊಂದು ಜನ, ಇಷ್ಟೊಂದು ಮಳೆ ಯಾಕಪ್ಪಾ ಅಂತ! 42ನೇ ವಯಸ್ಸಿಗೆ ಮತ್ತೆ ಹಿಡಿದೆ. ಗುತ್ತಿಯ ನಾಯಿ ಹುಲಿಯನಿಗಾಗಿ ಅತ್ತುಬಿಟ್ಟೆ. ಆದರೆ ಜ್ವರ ಬಂದಾಗ ಬೇಕಾಗುವುದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೇ. ಕಪಾಟಿನ ಹಿಂದಿನ ಸಾಲಿನಲ್ಲಿದ್ದಾನೆ. ನಿಮ್ಮದು?

ಉತ್ತರ 1: ಬಚ್ಚಿಡೋದ್ಯಾಕೆ ಸ್ವಾಮಿ? ನಮ್ಮಜ್ಜಿ ಅಕ್ಷರ ಕೂಡಿಸಿ ಓದೋಕೆ ಕಲಿತದ್ದೇ ಪುರುಷೋತ್ತಮನಿಂದ.

ಉತ್ತರ 2: ನನ್ನದು ಉಲ್ಟಾ. ಕಾಲೇಜಲ್ಲಿ ‘ಪರ್ವ’ದ ಬಗ್ಗೆ ಗಂಟೆಗಟ್ಟಲೆ ವಾದ. ಈಗ ಊಟಕ್ಕೆ ಕೂತರೆ ‘ಚಂದಮಾಮ’ದ ಹಳೇ ಬೈಂಡು. ಬೇತಾಳ ಮರಕ್ಕೆ ಹಾರಿದ ಮೇಲೇ ಮಜ್ಜಿಗೆ ಅನ್ನ.

ಪ್ರಶ್ನೆ ಕೇಳಿದವರು: ಅಜ್ಜಿಗೆ ನಮಸ್ಕಾರ. ಪುರುಷೋತ್ತಮನನ್ನು ಇವತ್ತು ಮುಂದಿನ ಸಾಲಿಗೆ ತಂದೆ. ‘ಅವನ್ನೆಲ್ಲ ನಾನು ಯಾವತ್ತೋ ಓದಿ ಮುಗಿಸಿದೀನಿ’ ಅಂದಳು ಹೆಂಡತಿ.