ಕಸಿಯ ನಂತರ ಪ್ರಯೋಗದ ಔಷಧಿಗೆ ನೀವು ಒಪ್ಪಿದಿರಾ? ಅನುಭವ ತಿಳಿಸಿ

ಕೇಳಿದವರು: ಮಗಳಿಗೆ ಒಂಬತ್ತು ವರ್ಷ. ಎಎಂಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್), ಜೊತೆಗೆ ಎಫ್‌ಎಲ್‌ಟಿ3-ಐಟಿಡಿ ಎಂಬ ಜೀನ್ ಬದಲಾವಣೆ ಇದೆ. ಆಕರಕೋಶ (ಸ್ಟೆಮ್ ಸೆಲ್) ಕಸಿಯಾಗಿ ಇಂದಿಗೆ 62ನೆಯ ದಿನ, ಎಂಆರ್‌ಡಿ (ಚಿಕಿತ್ಸೆಯ ಬಳಿಕವೂ ಉಳಿದ ಅಲ್ಪ ಕ್ಯಾನ್ಸರ್ ಕೋಶಗಳು) ನೆಗೆಟಿವ್. ರೋಗ ಮರುಕಳಿಸದಂತೆ ಕೊಡುವ ಔಷಧಿಯೊಂದರ ಮೊದಲ ಹಂತದ ಪ್ರಯೋಗಕ್ಕೆ ಕರೆದಿದ್ದಾರೆ. ಒಂದು ವಾರದೊಳಗೆ ಉತ್ತರಿಸಬೇಕು.

ಒಪ್ಪಿದ ತಂದೆ: ನನ್ನ ಮಗನಿಗೆ ಕೊಟ್ಟದ್ದು ಅಜಾಸಿಟಿಡಿನ್ ಎಂಬ ಕೀಮೋ ಔಷಧಿ. 28 ದಿನಗಳ ಸುತ್ತಿನಲ್ಲಿ ಐದು ದಿನ ಮಾತ್ರ ಚುಚ್ಚುಮದ್ದು ಎಂದಿದ್ದರು. ಎರಡನೆಯ ಸುತ್ತಿನಲ್ಲಿ ಪ್ಲೇಟ್‌ಲೆಟ್ 18 ಸಾವಿರಕ್ಕೆ ಇಳಿದು, ಮೂರನೆಯ ಸುತ್ತನ್ನು 13 ದಿನ ಮುಂದೂಡಿದರು. ಆ ಅವಧಿಯಲ್ಲಿ ಆರು ಬಾರಿ ರಕ್ತ ತೆಗೆದು, ಎರಡು ಬಾರಿ ಪ್ಲೇಟ್‌ಲೆಟ್ ಏರಿಸಿದರು. ಬಳಿಕ ಮೈಮೇಲೆ ದದ್ದು ಎದ್ದಾಗ, ಅದು ಔಷಧಿಯದೋ ಜಿವಿಎಚ್‌ಡಿಯದೋ (ದಾನಿಯ ಜೀವಕೋಶಗಳು ಮಗುವಿನ ದೇಹದ ಮೇಲೇ ದಾಳಿ ಮಾಡುವ ತೊಂದರೆ) ಎಂದು ತಿಳಿಯಲು ಬಯಾಪ್ಸಿ ಮಾಡಿದರು. ವರದಿ ಎರಡನ್ನೂ ತಳ್ಳಿಹಾಕಲಿಲ್ಲ. ನನಗೆ 41 ದಿನ ಸಂಬಳವಿಲ್ಲದ ರಜೆ. ಕಸಿಯಾಗಿ ಮೂರು ವರ್ಷವಾಯಿತು, ಮಗ ಚೆನ್ನಾಗಿದ್ದಾನೆ. ಔಷಧಿಯಿಂದಲೇ ಎಂದು ವೈದ್ಯರು ಹೇಳುವುದಿಲ್ಲ, ನಾನು ಹೇಳುತ್ತೇನೆ.

ನಿರಾಕರಿಸಿದ ತಾಯಿ: ಹಾಗೆ ಹೇಳುವುದೇ ತಪ್ಪು, ಸರ್. ಮೊದಲ ಹಂತದಲ್ಲಿ ಮುಖ್ಯವಾಗಿ ನೋಡುವುದು ಎಷ್ಟು ಪ್ರಮಾಣವನ್ನು ಮಕ್ಕಳು ತಾಳಬಲ್ಲರು ಎಂಬುದನ್ನು. ನನ್ನ ಮಗಳಿಗೆ ಶಿಲೀಂಧ್ರದ ಸೋಂಕಿಗೆಂದು ವೊರಿಕೊನಜೋಲ್ ಶುರುಮಾಡಿದ್ದಕ್ಕೇ ಜಿವಿಎಚ್‌ಡಿ ತಡೆಯಲು ಕೊಡುವ ಸೈಕ್ಲೋಸ್ಪೊರಿನ್ ಮಟ್ಟ ಏರಿ, ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ ದುಪ್ಪಟ್ಟಾಗಿ, 14 ದಿನ ವಾರ್ಡಿನಲ್ಲಿದ್ದೆವು. ಅದರ ಮೇಲೆ ಇನ್ನೊಂದು ಔಷಧಿಯನ್ನು ಹೇರಲು ನಾನು ಸಹಿ ಹಾಕಲಿಲ್ಲ. ಅವಳು ಈಗ ಶಾಲೆಗೆ ಹೋಗುತ್ತಿದ್ದಾಳೆ.

ಇನ್ನೊಬ್ಬ ತಂದೆ: ನಾವೂ ಇಷ್ಟೇ ಹೆಮ್ಮೆಯಿಂದ ಬೇಡವೆಂದಿದ್ದೆವು, ಮೇಡಂ. 117ನೆಯ ದಿನ ರಕ್ತದಲ್ಲಿ ದಾನಿಯ ಜೀವಕೋಶಗಳ ಪಾಲು ಶೇ 94ಕ್ಕೆ, ಹದಿನೈದು ದಿನಗಳಲ್ಲಿ ಶೇ 81ಕ್ಕೆ ಇಳಿಯಿತು. ಕ್ಯಾನ್ಸರ್ ವಿರುದ್ಧ ಹೋರಾಡಲೆಂದು ದಾನಿಯ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಕೊಟ್ಟರು. ಜಿವಿಎಚ್‌ಡಿ ಕರುಳಿಗೆ ಬಂದು, ಸ್ಟಿರಾಯ್ಡ್‌ನಿಂದ ಸಕ್ಕರೆ ಏರಿ, ಕೊನೆಗೆ ಎರಡನೆಯ ಕಸಿಯೇ ಆಯಿತು. 2020ರಲ್ಲಿ ಪ್ರಕಟವಾದ ಸೊರ್ಮೇನ್ ಪ್ರಯೋಗದಲ್ಲಿ, ಕಸಿಯ ನಂತರ ಎಫ್‌ಎಲ್‌ಟಿ3 ತಡೆಯುವ ಸೊರಾಫೆನಿಬ್ ಔಷಧಿ ಪಡೆದವರಲ್ಲಿ ಮರುಕಳಿಕೆ ಕಡಿಮೆಯಾಗಿತ್ತೆಂದು ನಾನು ಓದಿದ್ದು ಎಲ್ಲ ಮುಗಿದ ಮೇಲೆ.

ನಿರಾಕರಿಸಿದ ತಾಯಿ: ಅವರು 83 ಮಂದಿ ವಯಸ್ಕರು. 356 ಜನರಿದ್ದ ಮಾರ್ಫೋ ಪ್ರಯೋಗದಲ್ಲಿ ಅಂಥದೇ ಔಷಧಿ ಗಿಲ್ಟೆರಿಟಿನಿಬ್ ಮುಖ್ಯ ಗುರಿಯನ್ನೇ ಮುಟ್ಟಲಿಲ್ಲ; ಲಾಭ ಕಂಡದ್ದು ಎಂಆರ್‌ಡಿ ಇದ್ದವರಲ್ಲಿ. ಈ ಮಗು ನೆಗೆಟಿವ್!

ಇನ್ನೊಬ್ಬ ತಂದೆ: ಅಲ್ಲಿ ಹತ್ತು ಲಕ್ಷ ಜೀವಕೋಶಗಳಲ್ಲಿ ಒಂದನ್ನೂ ಹಿಡಿಯುವ ಪರೀಕ್ಷೆ ಮಾಡಿದ್ದರು. ಸಾಮಾನ್ಯ ಫ್ಲೋ ಪರೀಕ್ಷೆಯ (ಲೇಸರ್ ಬೆಳಕಿನಿಂದ ಜೀವಕೋಶ ಗುರುತಿಸುವುದು) ನೆಗೆಟಿವ್ ಅದಕ್ಕೆ ಸಮವಲ್ಲ. ನಮ್ಮದೂ ಫ್ಲೋದಲ್ಲಿ ನೆಗೆಟಿವ್ ಇತ್ತು.

ಎಎಲ್‌ಎಲ್ (ಇನ್ನೊಂದು ಬಗೆಯ ರಕ್ತದ ಕ್ಯಾನ್ಸರ್) ಮಗುವಿನ ಅಜ್ಜ: ಔಷಧಿಯ ಮಾತೇಕೆ? ಕಸಿಗೆ ಮುಂಚೆ ಇಡೀ ಮೈಗೆ ವಿಕಿರಣ ಕೊಟ್ಟಿದ್ದರೇ ಎಂದು ಮೊದಲು ಕೇಳಿ. 2021ರಲ್ಲಿ ಪ್ರಕಟವಾದ ಫೋರಮ್ ಪ್ರಯೋಗದಲ್ಲಿ ಎರಡು ವರ್ಷ ಬದುಕುಳಿದವರು ವಿಕಿರಣದಲ್ಲಿ ಶೇ 91, ಬರೀ ಕೀಮೋದಲ್ಲಿ ಶೇ 75.

ಒಪ್ಪಿದ ತಂದೆ: ಅಜ್ಜಾ, ಅದು ಎಎಲ್‌ಎಲ್ ಮಕ್ಕಳ ಪ್ರಯೋಗ. ಇವರದು ಎಎಂಎಲ್, ಕಸಿಯೂ ಮುಗಿದಿದೆ.

ಎಎಲ್‌ಎಲ್ ಮಗುವಿನ ಅಜ್ಜ: ಮೊಮ್ಮಗನ ಫೈಲನ್ನು ಎರಡು ವರ್ಷ ಹೊತ್ತವನು ನಾನು. ಪಾಠ ಬೇಡ.

ಕೇಳಿದವರು: ನಮ್ಮ ವರದಿಯಲ್ಲಿ ಫ್ಲೋ ಎಂದೇ ಇದೆ. ಇನ್ನೊಂದು ಪರೀಕ್ಷೆಯನ್ನು ಮಾಡಿಸಬಹುದೇ ಎಂದು ನಾಳೆ ವೈದ್ಯರನ್ನು ಕೇಳುತ್ತೇನೆ.