ಕ್ವಾಪ್: ಎರಡನೇ ಹೆಜ್ಜೆಗೇ ಅಂಗಾತ ಬೀಳುತ್ತಾನೆ, ಪಿ ಒತ್ತಿದರೆ ಪುಟವೇ ಬದಲಾಗುತ್ತದೆ

ಮುಗ್ಗರಿಸು:
ಕ್ವಾಪ್ ಆಡ್ತಿದ್ದೀನಿ, ಕ್ಯೂ, ಡಬ್ಲ್ಯೂ, ಓ, ಪಿ ಕೀಲಿಗಳಿಂದ ಓಟಗಾರನನ್ನು 100 ಮೀಟರ್ ಓಡಿಸುವ ಬ್ರೌಸರ್ ಆಟ. ವಿಂಡೋಸ್ ಲ್ಯಾಪ್‌ಟಾಪ್, ಫೈರ್‌ಫಾಕ್ಸ್. ಓ ಒತ್ತಿದರೆ ಕಾಲು ಅಲುಗುವ ಬದಲು ಹುಡುಕಾಟದ ಪೆಟ್ಟಿಗೆಯೊಂದು ತೆರೆಯುತ್ತೆ. ಪಿ ಒತ್ತಿದರೆ ಬೇರೆ ಪುಟಕ್ಕೆ ಹೋಗುತ್ತೆ. ಕೀಲಿಗಳು ಸರಿಯಾಗಿ ಕೆಲಸ ಮಾಡಿದಾಗಲೂ ಓಟಗಾರ 2 ಮೀಟರ್ ದಾಟಲ್ಲ, ಹಿಂದಕ್ಕೇ ಬೀಳ್ತಾನೆ. ಕೀಬೋರ್ಡ್ ದೋಷವಾ?

ಕೀಲಿಮಣೆ:
ಮೊದಲೆರಡು ಲಕ್ಷಣ ನೋಡಿದರೆ ವಿಮಿಯಂ ಎಕ್ಸ್‌ಟೆನ್ಶನ್ (ಬ್ರೌಸರನ್ನು ಕೀಲಿಗಳಿಂದಲೇ ನಡೆಸುವ ಸೇರ್ಪಡೆ) ಹಾಕಿರುವಂತಿದೆ. ಅದರಲ್ಲಿ ಓ ಎಂದರೆ ವಿಳಾಸ ಹುಡುಕು, ಪಿ ಎಂದರೆ ಕಾಪಿ ಮಾಡಿಟ್ಟ ಕೊಂಡಿ ತೆರೆ. ಆಟದ ಸೈಟಿಗೆ ಮಾತ್ರ ಅದನ್ನು ಆಫ್ ಮಾಡಿ. ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಟೈಪ್ ಮಾಡಿದ ಕೂಡಲೇ ಪುಟದೊಳಗೆ ಹುಡುಕುವ ಆಯ್ಕೆ ಇದೆ, ಅದಕ್ಕೂ ಟಿಕ್ ಇರಬಾರದು. ಕನ್ನಡ ಫೋನೆಟಿಕ್ ಇನ್‌ಪುಟ್ ಆನ್ ಇದ್ದರೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ. ಇಲ್ಲದಿದ್ದರೆ ಅಕ್ಷರ ಅಲ್ಲೇ ಸಿಕ್ಕಿಕೊಂಡು ಆಟಕ್ಕೆ ತಲುಪದೇ ಇರಬಹುದು. ಕೊನೆಗೆ ಆಟದ ಚೌಕಟ್ಟಿನೊಳಗೆ ಒಮ್ಮೆ ಕ್ಲಿಕ್ ಮಾಡಿ.

ಕೀಬೋರ್ಡ್ ಅನುಮಾನವಿದ್ದರೆ ನೋಟ್‌ಪ್ಯಾಡ್ ತೆರೆದು ನಾಲ್ಕೂ ಕೀಲಿ ಒಟ್ಟಿಗೆ ಒತ್ತಿ ಹಿಡಿಯಿರಿ. ನಾಲ್ಕೂ ಅಕ್ಷರ ಬಂದರೆ ಯಂತ್ರದ್ದೇನೂ ತಪ್ಪಿಲ್ಲ. ಅಗ್ಗದ ಕೀಬೋರ್ಡುಗಳಲ್ಲಿ ಮೂರನೆಯದೋ ನಾಲ್ಕನೆಯದೋ ನುಂಗಿಹೋಗುವುದುಂಟು. ಈ ಆಟಕ್ಕೆ ಒಮ್ಮೆಗೆ ಎರಡು ಸಾಕು, ಆದರೆ ಜೋಡಿ ಬದಲಿಸುವ ಕ್ಷಣದಲ್ಲಿ ಹಳೆಯದೂ ಹೊಸದೂ ಒಟ್ಟಿಗೆ ಬೀಳುತ್ತವೆ.

ಮರಳುಗುಂಡಿ:
ಬೀಳುವುದಕ್ಕೆ ಕಾರಣ ಬೇರೆ. 2008ರಲ್ಲಿ ಬೆನೆಟ್ ಫಾಡಿ ಇದನ್ನು ಮಾಡಿದ್ದೇ ಹೀಗೆ. ಕ್ಯೂ ಬಲತೊಡೆಯನ್ನು ಮುಂದಕ್ಕೂ ಎಡತೊಡೆಯನ್ನು ಹಿಂದಕ್ಕೂ ತಳ್ಳುತ್ತದೆ; ಡಬ್ಲ್ಯೂ ಅದರ ತದ್ವಿರುದ್ಧ. ಓ, ಪಿ ಇದೇ ಕೆಲಸವನ್ನು ಮೊಣಕಾಲಿನ ಕೆಳಭಾಗಕ್ಕೆ ಮಾಡುತ್ತವೆ. ಸೊಂಟದ ಮೇಲಿನ ಸಮತೋಲಕ್ಕೆ ಕೀಲಿಯೇ ಇಲ್ಲ. ಕಾಲು ಮುಂದೆ ಓಡಿ ಎದೆ ಹಿಂದೆ ಉಳಿದರೆ ಅಂಗಾತ ಬೀಳುತ್ತಾನೆ, ನಿಮ್ಮದು ಅದೇ. ಮುಗ್ಗರಿಸಿ ಬಿದ್ದರೆ ಮುಂದಿನ ಕಾಲು ತಡವಾಗಿ ಬಂತು ಎಂದರ್ಥ. ಕೀಲಿ ಬಿಟ್ಟರೆ ಕಾಲು ತಾನಾಗಿ ನೆಟ್ಟಗೆ ನಿಲ್ಲುವುದೂ ಇಲ್ಲ.

ಜೋಡಿ ನೆನಪಿಡಿ: ಒಳಗಿನ ಎರಡು, ಹೊರಗಿನ ಎರಡು. ಡಬ್ಲ್ಯೂ ಮತ್ತು ಓ ಮೇಲೆ ತೋರುಬೆರಳುಗಳು, ಕ್ಯೂ ಮತ್ತು ಪಿ ಮೇಲೆ ನಡುಬೆರಳುಗಳು. ಮೊದಲು ಒಳಜೋಡಿ ಒತ್ತಿ ಹಿಡಿಯಿರಿ. ಮುಂದಿನ ಪಾದ ನೆಲ ಮುಟ್ಟುವ ಹೊತ್ತಿಗೆ ಅದನ್ನು ಬಿಟ್ಟು ಹೊರಜೋಡಿ ಒತ್ತಿ. ಹಾಗೇ ಅದಲುಬದಲು. ತಟತಟ ಬಡಿಯಬೇಡಿ, ತೊಡೆ ಅರ್ಧ ದಾರಿಗೂ ಹೋಗಿರುವುದಿಲ್ಲ, ಅಷ್ಟರಲ್ಲಿ ತಿರುಗಿಸಿದರೆ ನಿಂತಲ್ಲೇ ನಡುಗುತ್ತಾನೆ. ಎದೆ ಹಿಂದಕ್ಕೆ ವಾಲತೊಡಗಿದರೆ ಮುಂದಿನ ಹೆಜ್ಜೆ ಚಿಕ್ಕದಾಗಲಿ, ಅಂದರೆ ಜೋಡಿಯನ್ನು ಸ್ವಲ್ಪ ಬೇಗ ಬಿಡಿ. ಕಣ್ಣು ಪಾದದ ಮೇಲಲ್ಲ, ಎದೆಯ ಮೇಲಿರಲಿ.

ಲ್ಯಾಪ್‌ಟಾಪ್ ಬ್ಯಾಟರಿ ಸೇವರ್‌ನಲ್ಲಿದ್ದರೆ ತೆಗೆಯಿರಿ. ಚಿತ್ರ ತೊದಲಿದರೆ ಕೈತಾಳ ಕೂರುವುದಿಲ್ಲ.

ಮುಗ್ಗರಿಸು:
ವಿಮಿಯಂ ಇತ್ತು, ತೆಗೆದೆ. ಈಗ 11 ಮೀಟರ್! ಮೊಣಕಾಲೂರಿ ತೆವಳಿಯೇ 100 ಮೀಟರ್ ಮುಗಿಸಬಹುದು ಅಂತಾರಲ್ಲ, ನಿಜವಾ?

ಮರಳುಗುಂಡಿ:
ನಿಜ. ಮೊಣಕಾಲು ನೆಲಕ್ಕೆ ತಾಗಿದರೆ ಆಟ ಮುಗಿಯುವುದಿಲ್ಲ. ಬಲಗಾಲು ಮುಂದೆ, ಎಡಮೊಣಕಾಲು ನೆಲದಲ್ಲಿ ಬರುವಂತೆ ಕೂರಿಸಿ. ಆಮೇಲೆ ಡಬ್ಲ್ಯೂ ಒಂದು ಸಣ್ಣ ತಟ್ಟು, ಕ್ಯೂ ಒಂದು ಸಣ್ಣ ತಟ್ಟು. ನೋಡಲು ಅಸಹ್ಯ, ಸಮಯವೂ ಹಿಡಿಯುತ್ತದೆ, ಆದರೆ ಬೀಳುವುದು ಅಪರೂಪ.

50 ಮೀಟರಿನಲ್ಲಿ ಹರ್ಡಲ್ ಬರುತ್ತದೆ. ಹಾರಲೇಬೇಕೆಂದಿಲ್ಲ. ನಿಧಾನವಾಗಿ ತಳ್ಳಿ ಕೆಡವಿ, ಕಾಲಿಗೆ ಸಿಕ್ಕಿಕೊಂಡರೆ ಎಳೆದುಕೊಂಡೇ ಹೋಗಿ.

ಕೀಲಿಮಣೆ:
ಇನ್ನೊಂದು. ಹಳೆಯ ಗೇಮ್ ಸೈಟುಗಳಲ್ಲಿ ಈ ಆಟ ಖಾಲಿ ಚೌಕವಾಗಿ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಫ್ಲ್ಯಾಶ್ ಎಂಬ ಹಳೆಯ ಬ್ರೌಸರ್ ಪ್ಲಗಿನ್ ಬೇಕಾದ ಆವೃತ್ತಿ. ಫ್ಲ್ಯಾಶ್‌ಗೆ ಬೆಂಬಲ 2020ರ ಕೊನೆಗೇ ನಿಂತಿದೆ. ಫಾಡಿಯ ಸ್ವಂತ ಸೈಟಿನಲ್ಲಿ ಪ್ಲಗಿನ್ ಬೇಡದ ಎಚ್‌ಟಿಎಂಎಲ್5 ಆವೃತ್ತಿ ಇದೆ, ಅದನ್ನೇ ಆಡಿ.